ಬಟ್ಟೆ ಒಗೆಯುವವಳು ಕೊಟ್ಟ ಉತ್ತರ

ಇಂಗ್ಲಿಷ್ ಸಾಹಿತ್ಯ ಅಂದಕೂಡಲೇ ನಮಗೆ ನೆನಪಾಗುವುದು ಶೇಕ್ಸ್‌ಪಿಯರ್, ಮಿಲ್ಟನ್, ಪೋಪ್. ಪರೀಕ್ಷೆಗೂ ಅವರೇ ಬರ್ತಾರೆ. ಹೊಟ್ಟೆಪಾಡಿಗೆ ಮಂದಿಯ ಬಟ್ಟೆ ಒಗೆಯುತ್ತಿದ್ದ ಮೇರಿ ಕಾಲಿಯರ್ ಹೆಸರು ಕೇಳಿದ್ದೀರಾ?

ಕಥೆ ಶುರುವಾಗುವುದು ಒಬ್ಬ ಗಂಡಸಿನಿಂದ. ವಿಲ್ಟ್‌ಶೈರ್ ಸೀಮೆಯಲ್ಲಿ ತೆನೆ ಬಡಿಯುವ ಕೂಲಿಯಾಗಿದ್ದ ಸ್ಟೀಫನ್ ಡಕ್ ತನ್ನ ದುಡಿಮೆಯ ಬಗ್ಗೆ ಬರೆದ ಕವಿತೆ 1730ರಲ್ಲಿ ಅಚ್ಚಾಯಿತು. ರಾಣಿ ಕ್ಯಾರೊಲಿನ್ ಮೆಚ್ಚಿ ಅವನಿಗೆ ವರ್ಷಾಶನ, ಮನೆ ಕೊಟ್ಟಳು. ಬಡವನ ಬೆವರು ಕಾವ್ಯಕ್ಕೆ ಬಂದದ್ದು ದೊಡ್ಡ ಮಾತೇ. ಆದರೆ ಅದೇ ಕವಿತೆಯಲ್ಲಿ, ಹುಲ್ಲು ಒಣಗಿಸಲು ಬಂದ ಹೆಂಗಸರು ಬರೇ ಹರಟೆಮಲ್ಲಿಯರು ಎಂದು ಗೇಲಿ ಮಾಡಿದ್ದ.

ಹ್ಯಾಂಪ್‌ಶೈರಿನ ಪೀಟರ್ಸ್‌ಫೀಲ್ಡ್ ಊರಲ್ಲಿದ್ದ ಮೇರಿ ಶಾಲೆಯ ಮುಖ ಕಂಡವಳಲ್ಲ. ಓದು ಕಲಿತದ್ದು ಮನೆಯಲ್ಲೇ. ಡಕ್‌ನ ಕವಿತೆಗಳನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಗೇಲಿ ಮನಸ್ಸಿಗೆ ನಾಟಿತು. 1739ರಲ್ಲಿ 'ಹೆಣ್ಣಿನ ದುಡಿಮೆ' ಎಂಬ ಆಕೆಯ ಕವಿತೆ ಅಚ್ಚಾಯಿತು.

ಅದರಲ್ಲಿ ಏನಿದೆ ನೋಡಿ. ಗಂಡಸಿನ ಕೆಲಸ ಸಂಜೆಗೆ ಮುಗೀತದೆ. ಹೆಂಗಸು ಹೊಲದಿಂದ ಬಂದು ಅಡುಗೆ ಮಾಡಬೇಕು, ಮಕ್ಕಳನ್ನು ನೋಡಬೇಕು. ಕೊಯ್ಲಾದ ಮೇಲೆ ಹಕ್ಕಲು ಆಯಬೇಕು. ಚಳಿಗಾಲದಲ್ಲಿ ಬೆಳಕು ಹರಿಯುವ ಮೊದಲೇ ಸಿರಿವಂತರ ಮನೆಗೆ ಬಟ್ಟೆ ಒಗೆಯಲು ಹೋಗಬೇಕು. ಉಜ್ಜಿ ಉಜ್ಜಿ ಕೈಯಿಂದ ನೆತ್ತರು ಇಳಿಯುತ್ತದೆ. ಒಡತಿ ಬಂದು ಸಾಬೂನು, ಸೌದೆ ಜೋಪಾನ ಅನ್ನುತ್ತಾಳೆ. ಕೂಲಿ? ಆರೋ ಎಂಟೋ ಪೆನ್ಸ್. ಕನಸಿನಲ್ಲೂ ನಮಗೆ ದುಡಿಮೆಯೇ ಎಂದಿದ್ದ ಡಕ್. ನಮಗೆ ಕನಸು ಕಾಣಲೂ ಬಿಡುವಿಲ್ಲ ಎಂಬುದು ಮೇರಿಯ ಉತ್ತರ.

ಆಕೆ ಒಗೆದ ಬಟ್ಟೆಗಳಲ್ಲಿ ಮಸ್ಲಿನ್ ಕೂಡ ಇತ್ತು. ಆ ಕಾಲದಲ್ಲಿ ಇಂಗ್ಲೆಂಡಿಗೆ ಹೆಚ್ಚಾಗಿ ಮಸ್ಲಿನ್ ಹೋಗುತ್ತಿದ್ದದ್ದು ಬಂಗಾಳದ ಮಗ್ಗಗಳಿಂದ. ನೇಯ್ದವರ ಹೆಸರು ಕವಿತೆಯಲ್ಲಿ ಇಲ್ಲ. ಒಗೆದವಳ ಹೆಸರು ಉಳಿದದ್ದು ಆಕೆ ಬರೆದದ್ದರಿಂದ.

ಬರೆದು ಏನು ಸಿಕ್ಕಿತು? ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದಳು, ಲಾಭ ಹೆಚ್ಚೇನೂ ಬರಲಿಲ್ಲ. ಒಗೆಯುವವಳು ಇದನ್ನು ಬರೆದಾಳೆಯೇ ಎಂಬ ಅನುಮಾನ ಬೇರೆ. ಆಕೆಯೇ ಬರೆದದ್ದು ಎಂದು ಊರಿನವರು ಸಹಿ ಹಾಕಿ ಸಾಕ್ಷಿ ಹೇಳಬೇಕಾಯಿತು. 63ರ ವಯಸ್ಸಿನವರೆಗೂ ಒಗೆಯುವ ಕೆಲಸ ತಪ್ಪಲಿಲ್ಲ. 1762ರಲ್ಲಿ ಕವಿತೆಗಳ ಸಂಕಲನ ಬಂದಾಗ ಆಕೆ ಆಲ್ಟನ್ ಊರಿನ ಅಟ್ಟದ ಕೋಣೆಯೊಂದರಲ್ಲಿ ವಾಸವಾಗಿದ್ದಳು.

ಪುಸ್ತಕದಲ್ಲಿ 'ದುಡಿಯುವ ವರ್ಗ' ಎಂಬ ಮಾತು ಕಂಡಾಗ, ಅದರಲ್ಲಿ ಹೆಂಗಸರನ್ನು ಲೆಕ್ಕ ಹಿಡಿದಿದ್ದಾರಾ ಅಂತ ಒಮ್ಮೆ ಕೇಳಿ ನೋಡಿ. ಅವರ ಪಕ್ಕದಲ್ಲೇ ನಿಂತು ದುಡಿದ ಡಕ್ ಕೂಡ ಹಿಡಿದಿರಲಿಲ್ಲ.