ವಾಪಸ್ ಟಿಕೆಟ್ಟಿನ ಚರಿತ್ರೆ

ವಯಸ್ಸಾದ ತಾಯಿಯನ್ನೋ ತಂದೆಯನ್ನೋ ಕರೆದುಕೊಂಡು ಮೊದಲ ಸಲ ಹೊರದೇಶದ ಹಡಗು ಹತ್ತಲು ಹೊರಟವರು ಕೆಲವು ಸಂಗತಿಗಳನ್ನು ಮೊದಲೇ ವಿಚಾರಿಸಿಕೊಳ್ಳುತ್ತಾರೆ. ಹಡಗಿನಲ್ಲಿ ವೈದ್ಯರಿದ್ದಾರೆಯೇ, ಮಲಗಲು ಸರಿಯಾದ ಜಾಗವಿದೆಯೇ, ಹೇಳಿದ ದಿನಕ್ಕೆ ಹೊರಡುತ್ತದೆಯೇ, ಮರಳಿ ಬರುವ ಏರ್ಪಾಡು ಖಚಿತವೇ? ಈ ಪ್ರಶ್ನೆಗಳು ವಿಹಾರದ ಹಡಗುಗಳಿಗಿಂತ ಬಹಳ ಹಳೆಯವು. ನಮ್ಮ ಪಶ್ಚಿಮ ಕರಾವಳಿಯಿಂದ ಮುದಿವಯಸ್ಸಿನವರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಸಮುದ್ರ ದಾಟುತ್ತಿದ್ದದ್ದು ಹಜ್ ಯಾತ್ರೆಗಾಗಿ, ಮುಂಬಯಿಯಿಂದ ಜಿದ್ದಾಕ್ಕೆ. ಉಗಿಹಡಗು ಬಂತು, ಪಯಣ ಸುಲಭವಾಯಿತು ಎಂದು ಆ ಕಥೆಯನ್ನು ಮುಗಿಸಿಬಿಡುವುದು ವಾಡಿಕೆ. ಅದರಲ್ಲಿ ಅರ್ಧ ಮಾತ್ರ ನಿಜ. ಹಿರಿಯರ ಪಾಲಿಗೆ ಕಡಲು ಹೋಗಿಬರುವ ದಾರಿಯಾದದ್ದು ಈ ಪ್ರಶ್ನೆಗಳ ಹೊಣೆಯನ್ನು ಒಂದೊಂದು ಕುಟುಂಬದ ಹೆಗಲಿನಿಂದ ಇಳಿಸಿ ಕಾನೂನು ಹೊತ್ತುಕೊಂಡ ಮೇಲೆ. ಅದಕ್ಕೆ ಅರವತ್ತು ವರ್ಷ ಹಿಡಿಯಿತು, ಸಾವಿರಾರು ಜೀವ ಹೋದವು.

ಹಜ್ ಯಾತ್ರೆ ಶಕ್ತರಾದವರಿಗೆ ಮಾತ್ರ ಕಡ್ಡಾಯ. ಸಾಲ ತೀರಿರಬೇಕು, ಹಿಂದೆ ಉಳಿಯುವ ಮನೆಯವರ ಹೊಟ್ಟೆಪಾಡಿಗೆ ದಾರಿಯಿರಬೇಕು. ಸಾಮಾನ್ಯ ಮನೆಗಳಲ್ಲಿ ಈ ಶಕ್ತಿ ಕೂಡಿ ಬರುವಷ್ಟರಲ್ಲಿ ಮಕ್ಕಳ ಮದುವೆ ಮುಗಿದು ತಲೆಗೂದಲು ನರೆತಿರುತ್ತಿತ್ತು. ಹಾಗಾಗಿ ಈ ಪಯಣ ಮೊದಲಿನಿಂದಲೂ ಹಿರಿಯರದ್ದು. ಅರಮನೆಯವರಿಗೆ ತಯಾರಿ ಕಷ್ಟವಾಗಿರಲಿಲ್ಲ. ವಿಜಾಪುರದ ಮುಹಮ್ಮದ್ ಆದಿಲ್‌ಷಾಹನ ವಿಧವೆ, ಬಡೀ ಸಾಹಿಬಾ ಎಂದು ಹೆಸರಾದ ಖದೀಜಾ ಸುಲ್ತಾನಾ, 1660ರ ದಶಕದ ಆರಂಭದಲ್ಲಿ ಡಚ್ಚರ ಹಡಗಿನಲ್ಲಿ ಅರೇಬಿಯಾಕ್ಕೆ ಹೋದಳು. ಆಗ ಮಗ ಎರಡನೇ ಅಲಿ ಆದಿಲ್‌ಷಾಹ ಗದ್ದುಗೆಯಲ್ಲಿದ್ದ. ವ್ಯಾಪಾರಕ್ಕೆ ಸುಲ್ತಾನನ ಕೃಪೆ ಬೇಕಿದ್ದ ಡಚ್ಚರು ರಾಜಮಾತೆಗೆ ಹಡಗು ಒದಗಿಸಿದರು. ಎರಡು ಶತಮಾನದ ನಂತರ ಭೋಪಾಲದ ಸಿಕಂದರ್ ಬೇಗಂ, ಅರವತ್ತು ದಾಟಿದ ತನ್ನ ತಾಯಿ ಕುದ್ಸಿಯಾ ಬೇಗಂಳನ್ನು ಕರೆದುಕೊಂಡು 1864ರಲ್ಲಿ ಮುಂಬಯಿಯಿಂದ ಹೊರಟಾಗ ಜೊತೆಯಲ್ಲಿ ಸುಮಾರು ಸಾವಿರ ಜನರ ಪರಿವಾರವಿತ್ತು. ಅಷ್ಟಿದ್ದೂ ತಾಪತ್ರಯ ತಪ್ಪಲಿಲ್ಲ. ಸುಂಕದವರೊಂದಿಗೆ ಜಗಳ, ತಾಯಿ ಧಾರಾಳವಾಗಿ ದಾನ ಮಾಡಿದ್ದರಿಂದ ಮುತ್ತಿಕೊಂಡ ಬೇಡುವವರ ಗುಂಪು, ಇವೆಲ್ಲ ಸಿಕಂದರ್ ಬೇಗಂ ಬರೆದ ಯಾತ್ರಾ ವೃತ್ತಾಂತದಲ್ಲಿವೆ. ಆಳುವ ಮಗಳೊಬ್ಬಳು ತಾಯಿಯೊಡನೆ ಹೋದಾಗಲೇ ಹೀಗಾದರೆ, ಮೂಟೆ ಕಟ್ಟಿಕೊಂಡು ಮುಂಬಯಿಗೆ ಬಂದ ನೇಕಾರನ ತಾಯಿಯ ಪಾಡು ಏನಿದ್ದೀತು ಎಂಬುದನ್ನು ಊಹಿಸಬಹುದು.

ಉಗಿಯಂತ್ರ ಕೊಟ್ಟದ್ದೇನು ಎಂಬುದನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಹಾಯಿಹಡಗಿನ ಕಾಲದ ನಿಜವಾದ ತೊಡಕು ಎರಡು ಪಂಚಾಂಗಗಳ ನಡುವಿನದು. ಹಜ್ ಚಾಂದ್ರಮಾನದ್ದು, ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಮುಂಗಾರಿನ ಗಾಳಿ ಹಾಗೆ ಸರಿಯುವುದಿಲ್ಲ. ಹಬ್ಬಕ್ಕೂ ಗಾಳಿಗೂ ಹೊಂದದ ವರ್ಷಗಳಲ್ಲಿ ಯಾತ್ರಿಕರು ತಿಂಗಳುಗಟ್ಟಲೆ ಮೊದಲೇ ಹೊರಡಬೇಕಿತ್ತು, ಮುಗಿದ ಮೇಲೂ ಗಾಳಿ ತಿರುಗುವವರೆಗೆ ಪರನಾಡಿನಲ್ಲಿ ಕಾಯಬೇಕಿತ್ತು. ಮುಪ್ಪಿನವರಿಗೆ ಅಲೆಗಿಂತ ಈ ಕಾಯುವಿಕೆಯೇ ಹೆಚ್ಚು ಅಪಾಯದ್ದು. ಕೈಯ ಹಣವೂ ಮೈಯ ಕಸುವೂ ಕರಗುತ್ತಿದ್ದದ್ದು ಅಲ್ಲಿಯೇ. ಉಗಿಹಡಗು ಗಾಳಿಯ ಹಂಗನ್ನು ಹರಿಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಕೆಂಪು ಸಮುದ್ರದಲ್ಲಿ ಹಡಗುಗಳು ಹೆಚ್ಚಿದವು, ಯಾತ್ರಿಕರೂ ಹೆಚ್ಚಿದರು. ಆದರೆ ಇದೇ ಯಂತ್ರ ಇನ್ನೊಂದು ಕೆಡುಕನ್ನೂ ತಂದಿತು. ಸರಕು ಸಾಗಿಸುವ ಹಡಗಿನ ಡೆಕ್ ಮೇಲೆ ಎಷ್ಟು ಜನರನ್ನು ಕೂರಿಸಿದರೆ ಅಷ್ಟು ಲಾಭ. ಟಿಕೆಟ್ಟು ಮಾರುತ್ತಿದ್ದದ್ದು ದಲ್ಲಾಳಿಗಳು. ಇಂಥ ದಿನ ಹೊರಡುತ್ತದೆ ಎಂದು ನಂಬಿಸಿ ದುಡ್ಡು ಪಡೆದು, ಹಡಗು ತುಂಬುವವರೆಗೆ ದಿನ ಮುಂದೂಡುತ್ತಿದ್ದರು. ಮುಂಬಯಿಯ ಮುಸಾಫಿರ್‌ಖಾನೆಗಳಲ್ಲಿ ಕಾದು ಕಾದು ಹಾದಿಖರ್ಚು ಮುಗಿಸಿಕೊಂಡವರು ಹೋಗುವುದಕ್ಕೆ ಟಿಕೆಟ್ಟಿದೆ, ಬರುವುದಕ್ಕಿಲ್ಲ ಎಂಬ ಸ್ಥಿತಿಯಲ್ಲಿ ಹಡಗು ಹತ್ತುತ್ತಿದ್ದರು.

ವೇಗವಿದ್ದರೆ ಸಾಕು ಎನ್ನುವವರಿಗೆ ಉತ್ತರವಾಗಿ ಒಂದು ಹಡಗಿನ ಹೆಸರು ಹೇಳಬಹುದು: ‘ಜೆಡ್ಡಾ’. ಅದೂ ಉಗಿಹಡಗೇ. 1880ರ ಜುಲೈಯಲ್ಲಿ ಸಿಂಗಪುರದಿಂದ ಹೊರಟು, ಪೆನಾಂಗ್ ಮುಟ್ಟಿ, 950ರಷ್ಟು ಯಾತ್ರಿಕರನ್ನು ತುಂಬಿಕೊಂಡು ಜಿದ್ದಾಕ್ಕೆ ನಡೆದಿತ್ತು. ಬಿರುಗಾಳಿಗೆ ಸಿಕ್ಕಿ ನೀರು ಒಳನುಗ್ಗಿದಾಗ, ಆಗಸ್ಟ್ 8ರಂದು ಆಫ್ರಿಕಾದ ಗಾರ್ಡಫುಯಿ ಭೂಶಿರದ ಬಳಿ ಕಪ್ತಾನನೂ ಯುರೋಪಿಯನ್ ಅಧಿಕಾರಿಗಳೂ ದೋಣಿ ಇಳಿಸಿಕೊಂಡು ಯಾತ್ರಿಕರನ್ನು ಬಿಟ್ಟು ಹೋದರು. ಏಡನ್ ತಲುಪಿ, ಹಡಗು ಮುಳುಗಿತು ಎಂದು ಹೇಳಿಕೆ ಕೊಟ್ಟರು. ಕೆಲವೇ ದಿನಗಳಲ್ಲಿ ‘ಆಂಟೆನರ್’ ಎಂಬ ಇನ್ನೊಂದು ಹಡಗು ಅದೇ ‘ಜೆಡ್ಡಾ’ವನ್ನು ಎಳೆದುಕೊಂಡು ಏಡನ್ ಬಂದರಿಗೆ ಬಂತು, ಯಾತ್ರಿಕರು ನೀರೆತ್ತಿ ಹೊರಚೆಲ್ಲುತ್ತ ಅದನ್ನು ತೇಲಿಸಿಟ್ಟಿದ್ದರು. ಕಪ್ತಾನನಿಗೆ ಆದ ಶಿಕ್ಷೆ ಮೂರು ವರ್ಷ ಪರವಾನಗಿಯ ಅಮಾನತು. ಜೋಸೆಫ್ ಕಾನ್ರಾಡ್ 1900ರಲ್ಲಿ ಪ್ರಕಟಿಸಿದ ‘ಲಾರ್ಡ್ ಜಿಮ್’ ಕಾದಂಬರಿಗೆ ಈ ಘಟನೆ ಮೂಲವಾಯಿತು. ಓಡಿಹೋದ ಅಧಿಕಾರಿಯ ಅಂತರಂಗ ಜಗತ್ತಿನ ನೆನಪಿನಲ್ಲಿ ಉಳಿಯಿತು, ನೀರೆತ್ತಿದವರ ಹೆಸರು ಉಳಿಯಲಿಲ್ಲ. ಇದು ನನಗೆ ಇಂದಿಗೂ ಅನ್ಯಾಯವಾಗಿಯೇ ಕಾಣುತ್ತದೆ.

ಕಾನೂನು ಒಮ್ಮೆಗೇ ಬರಲಿಲ್ಲ. 1878ರಲ್ಲಿ ಭಾರತ ಸರ್ಕಾರ ಡಾ. ಅಬ್ದುರ್ ರಝಾಕ್ ಎಂಬ ವೈದ್ಯರನ್ನು ಯಾತ್ರಿಕರ ಜೊತೆ ಕಳಿಸಿ ಅವರ ಆರೋಗ್ಯದ ಸ್ಥಿತಿಯನ್ನು ತಿಳಿದುಕೊಂಡಿತು. ಮುಂದೆ ಅವರು ಜಿದ್ದಾದಲ್ಲೇ ಬ್ರಿಟಿಷ್ ವೈಸ್ ಕಾನ್ಸಲ್ ಆಗಿ ದುಡಿದು, 1895ರಲ್ಲಿ ಆ ಊರ ಹೊರಗೆ ಕೊಲೆಯಾದರು. ದಲ್ಲಾಳಿಗಳ ಕಾಟ ತಪ್ಪಿಸಲು 1886ರಲ್ಲಿ ಥಾಮಸ್ ಕುಕ್ ಕಂಪನಿಗೆ ಯಾತ್ರೆಯ ಏಜೆಂಟ್ ಕೆಲಸ ವಹಿಸಲಾಯಿತು. ಪ್ರವಾಸೋದ್ಯಮದ ಚರಿತ್ರೆಯಲ್ಲಿ ದೊಡ್ಡ ಹೆಸರಾದ ಆ ಸಂಸ್ಥೆ ಏಳು ವರ್ಷದಲ್ಲಿ ಕೈಬಿಟ್ಟಿತು. 1895ರ ಯಾತ್ರಿಕ ಹಡಗುಗಳ ಕಾಯ್ದೆ ನೂರಕ್ಕಿಂತ ಹೆಚ್ಚು ಯಾತ್ರಿಕರಿರುವ ಹಡಗಿನಲ್ಲಿ ವೈದ್ಯರು ಇರಲೇಬೇಕು ಎಂದಿತು. ಕೊನೆಗೆ 1925ರಲ್ಲಿ ಹಡಗು ಕಾನೂನಿನ ತಿದ್ದುಪಡಿಯಿಂದ ವಾಪಸ್ ಟಿಕೆಟ್ಟು ಕಡ್ಡಾಯವಾಯಿತು. ಇಲ್ಲವೇ ಮರಳುವ ಖರ್ಚಿನಷ್ಟು ಠೇವಣಿ ಇಡಬೇಕಿತ್ತು. 1932ರಲ್ಲಿ ಬಂದರುಗಳ ಹಜ್ ಸಮಿತಿಗಳಿಗೆ ಕಾನೂನಿನ ಆಧಾರ ಸಿಕ್ಕಿತು. ಆರಂಭದಲ್ಲಿ ಹೇಳಿದ ನಾಲ್ಕು ಪ್ರಶ್ನೆಗಳಲ್ಲಿ ಅತ್ಯಂತ ಮುಖ್ಯವಾದದ್ದಕ್ಕೆ ಉತ್ತರ ಸಿಕ್ಕಿದ್ದು ಎಲ್ಲಕ್ಕಿಂತ ಕೊನೆಗೆ ಎಂಬುದನ್ನು ಗಮನಿಸಬೇಕು.

ಇದನ್ನೆಲ್ಲ ಕರುಣೆಯ ಕಥೆಯಾಗಿ ಹೇಳುವುದು ತಪ್ಪು ಎಂಬ ಆಕ್ಷೇಪಕ್ಕೆ ಬಲವಿದೆ. 1865ರಲ್ಲಿ ಮಕ್ಕಾ ಇರುವ ಹಿಜಾಜ್ ಸೀಮೆಯಲ್ಲಿ ಕಾಲರಾ ಹಬ್ಬಿದಾಗ ನೆರೆದಿದ್ದ ಅಂದಾಜು 90,000 ಯಾತ್ರಿಕರಲ್ಲಿ 15,000 ಮಂದಿ ಸತ್ತರೆಂದು ಲೆಕ್ಕ. ರೋಗ ಸೂಯೆಜ್ ಮಾರ್ಗವಾಗಿ ಯುರೋಪಿಗೆ ಹರಡಿದ ಮೇಲೆ, 1866ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅಂತರರಾಷ್ಟ್ರೀಯ ಆರೋಗ್ಯ ಸಮ್ಮೇಳನ ಕೂಡಿತು. ಅಲ್ಲಿದ್ದವರಿಗೆ ಕಾಳಜಿ ಇದ್ದದ್ದು ತಮ್ಮ ಬಂದರುಗಳ ಬಗ್ಗೆ. ಕೆಂಪು ಸಮುದ್ರದ ಕಾಮರಾನ್ ದ್ವೀಪದಲ್ಲಿ 1880ರ ದಶಕದ ಆರಂಭದಿಂದ ನಡೆದ ಕ್ವಾರಂಟೈನ್ ಮುದುಕರಿಗೆ ಬಿಸಿಲು, ಕಾಯುವಿಕೆ, ಶುಲ್ಕ ಎಲ್ಲವನ್ನೂ ಒಟ್ಟಿಗೇ ತಂದಿತು. ಪ್ಲೇಗಿನ ಭಯದಿಂದ 1897ರಲ್ಲಿ ಯಾತ್ರೆಗೇ ತಡೆ ಬಿತ್ತು. ಹೌದು, ನಿಯಮಗಳ ಹುಟ್ಟು ಭಯದಲ್ಲಿದೆ. ಆದರೆ ಹಡಗಿನ ವೈದ್ಯರ ಕಲಮು ಯಾರ ಹೆದರಿಕೆಯಿಂದ ಬಂದಿದ್ದರೂ, ಡೆಕ್ಕಿನ ಮೇಲೆ ಜ್ವರ ಬಂದ ಮುದುಕಿಯ ನಾಡಿ ಹಿಡಿಯಲು ಒಬ್ಬರು ಸಿಕ್ಕಿದ್ದು ಆ ಕಲಮಿನಿಂದಲೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬಡವರ ಕಡೆಯಿಂದ ಬರುತ್ತದೆ. ವಾಪಸ್ ಟಿಕೆಟ್ಟು ಕಡ್ಡಾಯ ಮಾಡಿದರೆ, ಜೀವಮಾನವೆಲ್ಲ ಕಾಸಿಗೆ ಕಾಸು ಕೂಡಿಸಿ ಹೋಗುವ ಖರ್ಚಷ್ಟನ್ನೇ ಹೊಂದಿಸಿಕೊಂಡವರಿಗೆ ಬಾಗಿಲು ಮುಚ್ಚಿದಂತೆ. ಅದಲ್ಲದೆ, ಶವಕ್ಕೆ ಹೊದಿಸುವ ಕಫನ್ ಬಟ್ಟೆಯನ್ನು ಗಂಟಿನಲ್ಲಿಟ್ಟುಕೊಂಡು, ಎಲ್ಲರ ಬಳಿ ಕ್ಷಮೆ ಕೇಳಿ ಹೊರಟವರಿಗೆ ಆ ಪುಣ್ಯಭೂಮಿಯಲ್ಲಿ ಕಣ್ಣು ಮುಚ್ಚುವುದೇ ಭಾಗ್ಯವಾಗಿತ್ತು. ಮರಳಲೇಬೇಕು ಎನ್ನಲು ಸರ್ಕಾರ ಯಾರು? ಧರ್ಮದಲ್ಲಿ ಕೈಹಾಕುವುದಿಲ್ಲ ಎಂಬ 1858ರ ರಾಣಿಯ ಘೋಷಣೆಯನ್ನು ಮುಂದಿಟ್ಟುಕೊಂಡು ಸರ್ಕಾರವೂ ದಶಕಗಳ ಕಾಲ ಹಿಂಜರಿಯಿತು. ಬಡವರಿಗೆ ಆದ ನಷ್ಟವನ್ನು ನಾನು ಅಲ್ಲಗಳೆಯಲಾರೆ. ಆದರೂ ಆ ಭಕ್ತಿ ಬಯಸಿದ್ದು ಮಕ್ಕಾದ ಮಣ್ಣನ್ನು. ಜಿದ್ದಾದ ಬೀದಿಯಲ್ಲಿ ಹಸಿದು, ಊರಿಗೆ ಹೋಗುವ ಹಡಗಿಗಾಗಿ ಯಾರದೋ ದಾನಕ್ಕೆ ಕೈಯೊಡ್ಡಿ ಕಾಯುವುದನ್ನಲ್ಲ. ಶಕ್ತಿ ಇದ್ದವರಿಗಷ್ಟೇ ಕಡ್ಡಾಯ ಎಂದ ಧರ್ಮವೇ ಆ ಪಾಡನ್ನು ಕೇಳಿರಲಿಲ್ಲ. ಉಳಿಯಬಯಸಿದವರು ಟಿಕೆಟ್ಟಿದ್ದರೂ ಉಳಿಯಬಹುದಿತ್ತು. ಟಿಕೆಟ್ಟಿಲ್ಲದವರಿಗೆ ಆಯ್ಕೆಯೇ ಇರಲಿಲ್ಲ.

ಸ್ವಾತಂತ್ರ್ಯದ ನಂತರವೂ ಹಡಗುಗಳು ನಡೆದವು. 1877ರಲ್ಲಿ ಹುಟ್ಟಿದ ಬಾಂಬೆ ಅಂಡ್ ಪರ್ಷಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ 1938ರಲ್ಲಿ ಮೊಗಲ್ ಲೈನ್ ಎಂದು ಹೆಸರು ಬದಲಿಸಿಕೊಂಡು, ಮುಂದೆ ಸರ್ಕಾರದ ವಶಕ್ಕೆ ಬಂದು, 1986ರಲ್ಲಿ ಶಿಪ್ಪಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. 1995ರಲ್ಲಿ ‘ಎಂ.ವಿ. ಅಕ್ಬರಿ’ಯ ಪಯಣದೊಂದಿಗೆ ಮುಂಬಯಿ–ಜಿದ್ದಾ ಹಡಗಿನ ದಾರಿ ನಿಂತಿತು. ಈಗ ನಮ್ಮವರು ವಿಮಾನ ಹತ್ತುತ್ತಾರೆ. 2023ರ ಹಜ್ ನೀತಿಯ ಪ್ರಕಾರ 70 ದಾಟಿದವರು ಒಬ್ಬರೇ ಹೋಗುವಂತಿರಲಿಲ್ಲ, ಜೊತೆಗೊಬ್ಬರು ಬೇಕೇ ಬೇಕಿತ್ತು. ಹಿರಿಯರ ಪಯಣ ಬರೀ ಮನೆಯ ವಿಷಯವಲ್ಲ ಎಂದು ಕಲಿತ ಪಾಠವೇ ಇಲ್ಲೂ ಮುಂದುವರಿದಿದೆ. ವಿಜಯಪುರ, ಹುಬ್ಬಳ್ಳಿ, ಭಟ್ಕಳ, ಮಂಗಳೂರು ಕಡೆಗಳಲ್ಲಿ ತಂದೆತಾಯಿಯನ್ನು ಹಡಗಿನಲ್ಲಿ ಕರೆದೊಯ್ದವರು ಇನ್ನೂ ಇದ್ದಾರೆ. ಅಂದು ನಲವತ್ತರಲ್ಲಿದ್ದವರಿಗೆ ಈಗ ಎಪ್ಪತ್ತಾಗಿದೆ. ಬ್ರಿಟಿಷರ ಕಡತಗಳಲ್ಲಿ ಡೆಕ್ಕಿನ ಅಳತೆಯೂ ರೋಗದ ಲೆಕ್ಕವೂ ಸಿಗುತ್ತವೆ. ಆ ಡೆಕ್ಕಿನ ಮೇಲೆ ಯಾರು ಯಾರ ಕೈಹಿಡಿದು ಕೂತಿದ್ದರು ಎಂಬುದನ್ನು ಹೇಳಬಲ್ಲವರು ಇವರೇ. ನಿಮ್ಮ ಓಣಿಯಲ್ಲಿ ಅಂಥವರಿದ್ದರೆ, ಅವರ ಮಾತನ್ನು ಈ ವರ್ಷವೇ ಕೂತು ಬರೆದಿಟ್ಟುಕೊಳ್ಳಿ.