ಬಗ್ಗಿದ ಸೈಕಲ್ ಫೋರ್ಕ್ ಕಾಯಿಸಿ ನೆಟ್ಟಗೆ ಮಾಡಿಸಿದರೆ ಸಾಕೇ? ಹೊಸದು ಹಾಕಿಸುವಾಗ ಏನು ನೋಡಬೇಕು?

ಸೈಕಲ್ ಗುಂಡಿಗೆ ಇಳಿದೋ ದನಕ್ಕೆ ಗುದ್ದಿಯೋ ಮುಂದಿನ ಫೋರ್ಕ್ ಹಿಂದಕ್ಕೆ ಬಾಗಿದರೆ ಮೊದಲು ಸಿಗುವ ಸಲಹೆ, "ವೆಲ್ಡಿಂಗ್ ಅಂಗಡಿಗೆ ಕೊಡಿ, ಕೆಂಪಗೆ ಕಾಯಿಸಿ ಎಳೆದು ಕೊಡ್ತಾರೆ". ಎರಡನೆಯದು, "ಹೇಗೂ ಬದಲಿಸ್ತೀರಲ್ಲ, ಶಾಕ್ ಅಬ್ಸಾರ್ಬರ್ ಇರೋದನ್ನೇ ಹಾಕಿಸಿ". ಎರಡೂ ಒಳ್ಳೆಯ ಮನಸ್ಸಿನಿಂದಲೇ ಬರುತ್ತವೆ. ಆದರೆ ಸಾಮಾನು ಹೇರಿಕೊಂಡು ದೂರ ಹೋಗುವವರಿಗೆ ಎರಡೂ ಅಪಾಯಕಾರಿ.

ಕಾಯಿಸಿದರೆ ಏನಾಗುತ್ತದೆ?

ಫೋರ್ಕ್ ಕೊಳವೆಗಳು ತೆಳು ಉಕ್ಕಿನವು. ತಯಾರಿಕೆಯಲ್ಲಿ ಬಂದ ಗಟ್ಟಿತನ ಕೆಂಪಗೆ ಕಾಯಿಸಿದಾಗ ಕಡಿಮೆಯಾಗುತ್ತದೆ. ಒಮ್ಮೆ ಬಾಗಿದ ಜಾಗವನ್ನು ಮತ್ತೆ ಎದುರು ದಿಕ್ಕಿಗೆ ಬಾಗಿಸಿದರೆ ಕಣ್ಣಿಗೆ ಕಾಣದ ಬಿರುಕು ಉಳಿಯಬಹುದು. ಹಿಂದಿನ ಚೌಕಟ್ಟು ಮುರಿದರೆ ಸೈಕಲ್ ನಿಲ್ಲುತ್ತದೆ; ಫೋರ್ಕ್ ಮುರಿದರೆ ಸವಾರ ಮುಖ ಅಡಿಯಾಗಿ ಬೀಳುತ್ತಾನೆ. ಕಡೂರು–ಬೀರೂರು ಬಯಲಿನಲ್ಲಿ ತಡೆದುಕೊಂಡ ಫೋರ್ಕ್, 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯಿಂದ ಕಲ್ಲತ್ತಿಗಿರಿ, ಲಿಂಗದಹಳ್ಳಿ ಮೇಲೆ ತರೀಕೆರೆಗೆ ಇಳಿಯುವಾಗ ತಡೆಯುತ್ತದೆ ಎನ್ನಲಾಗದು. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಹೆಚ್ಚಿನ ಭಾರ ಮುಂದಕ್ಕೇ ಬರುತ್ತದೆ.

ಹೊಸ ಫೋರ್ಕ್ ಕೊಳ್ಳುವ ಮೊದಲು ಹ್ಯಾಂಡಲ್ ಕೆಳಗಿನ ತಲೆಕೊಳವೆಯ ಹಿಂದೆ, ಚೌಕಟ್ಟಿನ ಕೆಳಕೊಳವೆಯ ಅಡಿಭಾಗ ಸವರಿ ನೋಡಿ. ಬಣ್ಣ ಸುಕ್ಕುಗಟ್ಟಿದ್ದರೆ ಅಥವಾ ಉಬ್ಬಿದ್ದರೆ ಚೌಕಟ್ಟೂ ಬಾಗಿದೆ. ಆಗ ಫೋರ್ಕಿಗೆ ದುಡ್ಡು ಸುರಿಯುವುದು ವ್ಯರ್ಥ.

ಯಾವುದು ಹೊಂದುತ್ತದೆ?

ಮೊದಲು ಫೋರ್ಕಿನ ಮೇಲ್ಕೊಳವೆ. ಹಳೆಯ ಸೈಕಲ್ಲುಗಳಲ್ಲಿ ಇದು 1 ಇಂಚು, ಅಂದರೆ 25.4 ಮಿ.ಮೀ., ಮೇಲ್ತುದಿಯಲ್ಲಿ ಮರೆ ಇರುತ್ತದೆ. ಹೊಸವುಗಳಲ್ಲಿ ಸಾಮಾನ್ಯವಾಗಿ 28.6 ಮಿ.ಮೀ., ಮರೆಯಿಲ್ಲ. ಹ್ಯಾಂಡಲ್ ಕಾಂಡದ ನೆತ್ತಿಯ ಮೇಲೆ ಒಂದೇ ಬೋಲ್ಟ್ ಇದ್ದು ಕಾಂಡ ಒಳಗೆ ಇಳಿದಿದ್ದರೆ ಮರೆಯದು. ಕಾಂಡ ಹೊರಗಿನಿಂದ ಅಪ್ಪಿ ಪಕ್ಕದಲ್ಲಿ ಎರಡು ಬೋಲ್ಟ್ ಇದ್ದರೆ ಮರೆಯಿಲ್ಲದ್ದು. ಮರೆಯಿಲ್ಲದ್ದು ಉದ್ದವಿದ್ದರೆ ಕೊಯ್ಯಬಹುದು, ಗಿಡ್ಡವಿದ್ದರೆ ಉಪಾಯವಿಲ್ಲ. ಮರೆಯದ್ದು ಮೊದಲೇ ಸರಿಯಾದ ಉದ್ದದ್ದಿರಬೇಕು. ಕೆಳಗೆ ದಪ್ಪವಾಗುತ್ತ ಹೋಗುವ ಟೇಪರ್ಡ್ ಫೋರ್ಕ್ ಹಳೆಯ ನೇರ ತಲೆಕೊಳವೆಗೆ ಹೋಗುವುದೇ ಇಲ್ಲ.

ನಂತರ ಉದ್ದ: ಚಕ್ರದ ಅಚ್ಚಿನಿಂದ ಫೋರ್ಕಿನ ಕವಲಿನ ಮೇಲ್ತುದಿಯವರೆಗೆ. ಶಾಕ್ ಅಬ್ಸಾರ್ಬರ್ ಸಲಹೆ ಎಡವುವುದು ಇಲ್ಲೇ. ಉದ್ದ ಸುಮಾರು 20 ಮಿ.ಮೀ. ಹೆಚ್ಚಾದರೆ ಸೈಕಲ್ಲಿನ ಮೂತಿ ಒಂದು ಡಿಗ್ರಿಯಷ್ಟು ಮೇಲೇಳುತ್ತದೆ. ಮಾಮೂಲಿ ಫೋರ್ಕಿಗೆ ತಯಾರಾದ ಚೌಕಟ್ಟಿಗೆ 100 ಮಿ.ಮೀ. ಕುಗ್ಗುವ ಸಸ್ಪೆನ್ಷನ್ ಹಾಕಿದರೆ ಮೂರು ನಾಲ್ಕು ಡಿಗ್ರಿ ಏರಿ, ಏರಿನಲ್ಲಿ ಹ್ಯಾಂಡಲ್ ಅತ್ತಿತ್ತ ಜಾರುತ್ತದೆ, ತಲೆಕೊಳವೆಯ ಬೆಸುಗೆಯ ಮೇಲೂ ಒತ್ತಡ ಹೆಚ್ಚುತ್ತದೆ. ಬಾಗಿದ ಹಳೆಯ ಫೋರ್ಕನ್ನೇ ಅಳೆದರೆ ತಪ್ಪು ಲೆಕ್ಕ ಬರುತ್ತದೆ, ಅದೇ ಮಾಡೆಲಿನ ಇನ್ನೊಂದು ಸೈಕಲ್ ಹುಡುಕಿ ಅಳೆಯಿರಿ. ಅಚ್ಚು ಮುಂದಕ್ಕೆ ಚಾಚಿರುವ ಅಳತೆಯೂ (ಸಾಮಾನ್ಯವಾಗಿ 40ರಿಂದ 50 ಮಿ.ಮೀ.) ಹಳೆಯದರ ಹತ್ತಿರವೇ ಇರಲಿ.

ಚಕ್ರದ ಹೆಸರನ್ನು ನಂಬಬೇಡಿ. "26 ಇಂಚು" ಎಂದು ಕರೆಯುವ ಎರಡು ಚಕ್ರಗಳಲ್ಲಿ ಒಂದರ ರಿಮ್ 559, ಇನ್ನೊಂದರದು 590 ಮಿ.ಮೀ.! ಬ್ರೇಕ್ ಕಟ್ಟೆ ಕೂರುವ ಜಾಗ ಸುಮಾರು 15 ಮಿ.ಮೀ. ತಪ್ಪುತ್ತದೆ. ಟೈರ್ ಪಕ್ಕದಲ್ಲಿ 559, 590, 622, 635 ಎಂದು ಅಚ್ಚಾಗಿರುವ ಸಂಖ್ಯೆ ನೋಡಿಯೇ ಕೊಳ್ಳಿ.

ಡಿಸ್ಕ್ ಬ್ರೇಕಿನ ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ಅದಕ್ಕೆಂದೇ ತಯಾರಿಸದ ಫೋರ್ಕಿಗೆ ಡಿಸ್ಕ್ ಕೊಂಡಿ ಬೆಸೆಯುವುದು ಬೇಡವೇ ಬೇಡ. ಮುಂದೆ ಬ್ಯಾಗ್ ಕಟ್ಟುವವರು ಕ್ಯಾರಿಯರ್ ತೂತುಗಳಿರುವ ಉಕ್ಕಿನದನ್ನೇ ಆರಿಸಿದರೆ ಒಳ್ಳೆಯದು. ಕಾರ್ಬನ್ ಹಗುರ ನಿಜ, ಆದರೆ ತೂತಿಲ್ಲದ ಕಾರ್ಬನ್ ಕಾಲಿಗೆ ಕ್ಲಾಂಪ್ ಬಿಗಿಯಬಾರದು.

ಹಾಕಿಸಿದ ಮೇಲೆ ಮುಂದಿನ ಬ್ರೇಕ್ ಹಿಡಿದು ಸೈಕಲ್ ಹಿಂದೆಮುಂದೆ ಅಲ್ಲಾಡಿಸಿ. ಕಟಕಟ ಎಂದರೆ ಬೇರಿಂಗ್ ಸಡಿಲ. ಸಾಮಾನು ಸಮೇತ ಅಜ್ಜಂಪುರದ ಕಡೆಯ ಬಯಲು ರಸ್ತೆಯಲ್ಲಿ ಒಂದೆರಡು ದಿನ ಓಡಿಸಿದ ಮೇಲೆ ಘಟ್ಟಕ್ಕೆ ಹೋಗಿ. ತೆಗೆದ ಫೋರ್ಕನ್ನು ಗುಜರಿಗೆ ಕೊಡುವಾಗ ಗರಗಸದಿಂದ ಎರಡು ತುಂಡು ಮಾಡಿ ಕೊಡಿ. ಇಲ್ಲದಿದ್ದರೆ ಅದನ್ನೇ ಯಾರೋ ನೆಟ್ಟಗೆ ಮಾಡಿ ಬಣ್ಣ ಬಳಿದು ಇನ್ನೊಂದು ಸೈಕಲ್ಲಿಗೆ ಹಾಕಿಯಾರು.