ಪುಟದ ಬಾಡಿಗೆ

ಯಂತ್ರವನ್ನು ಕ್ರಯಕೊಟ್ಟು ತಂದವನು ಅದರ ಪೂರ್ಣಸ್ವಾಮಿಯೆಂಬುದು ಲೋಕರೂಢಿಯ ನಂಬಿಕೆ. ನೇಗಿಲು, ಹೊಲಿಗೆಯಂತ್ರ, ಬೈಸಿಕಲ್ಲು ಮೊದಲಾದವುಗಳ ವಿಷಯದಲ್ಲಿ ಆ ನಂಬಿಕೆಗೆ ಅಷ್ಟಾಗಿ ಭಂಗವೂ ಬಂದಿಲ್ಲ. ಆದರೆ ಇಂದು ಕಚೇರಿ, ಶಾಲೆ, ವಕೀಲರ ಕೊಠಡಿ, ಜೆರಾಕ್ಸ್ ಅಂಗಡಿಗಳಲ್ಲೆಲ್ಲ ನೆಲೆಗೊಂಡಿರುವ ಲೇಸರ್ ಪ್ರಿಂಟರನ್ನು ನಾಲ್ಕಾರು ವರ್ಷ ದುಡಿಸಿಕೊಂಡವರು ಲೆಕ್ಕದ ಪುಸ್ತಕವನ್ನು ತೆರೆದು ನೋಡಿದರೆ, ಕೊಂಡ ದಿನ ತೆತ್ತ ಹಣವು ಒಟ್ಟು ವೆಚ್ಚದಲ್ಲಿ ಅಲ್ಪಾಂಶವೆಂದೂ ಮಿಕ್ಕದ್ದೆಲ್ಲ ಟೋನರಿಗೆ, ಡ್ರಮ್ಮಿಗೆ, ಬಿಡಿಭಾಗಗಳಿಗೆ ಕಂತುಕಂತಾಗಿ ಸಂದಿದೆಯೆಂದೂ ಕಾಣುವುದು ಅಪರೂಪವಲ್ಲ. ಇದನ್ನು ವ್ಯಾಪಾರಿಗಳ ಇತ್ತೀಚಿನ ಕುಟಿಲೋಪಾಯವೆಂದು ಬಗೆಯುವವರುಂಟು. ವಾಸ್ತವದಲ್ಲಿ ಇದು ಆ ಯಂತ್ರಕ್ಕಿಂತಲೂ ಹಳೆಯದಾದ ವ್ಯವಹಾರಪದ್ಧತಿ. ಅದರ ಚರಿತ್ರೆಯ ಪೂರ್ವಾರ್ಧವು ನಡೆದದ್ದು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ, ಒಂಟಾರಿಯೊ ಸರೋವರದ ದಕ್ಷಿಣತೀರದ ರಾಚೆಸ್ಟರ್ ನಗರದಲ್ಲಿ.

ರಾಚೆಸ್ಟರ್ ಜಾರ್ಜ್ ಈಸ್ಟ್‌ಮನ್ನನ ಕೊಡ್ಯಾಕ್ ಕಂಪನಿಯ ಊರು. ಆ ಕಂಪನಿಯು 1900ರಲ್ಲಿ ಬ್ರೌನಿ ಎಂಬ ರಟ್ಟಿನ ಪೆಟ್ಟಿಗೆಯ ಕ್ಯಾಮರಾವನ್ನು ಒಂದು ಡಾಲರಿಗೆ ಮಾರಾಟಕ್ಕಿಟ್ಟಿತು. ಅದಕ್ಕೆ ಬೇಕಾದ ಫಿಲ್ಮಿನ ಸುರುಳಿಯ ಬೆಲೆ 15 ಸೆಂಟು. ಏಳನೆಯ ಸುರುಳಿಯನ್ನು ಕೊಳ್ಳುವ ಹೊತ್ತಿಗೆ ಫಿಲ್ಮಿನ ವೆಚ್ಚವು ಕ್ಯಾಮರಾದ ಬೆಲೆಯನ್ನು ಮೀರುತ್ತಿತ್ತು. ಅದೇ ಊರಿನಲ್ಲಿ 1906ರಲ್ಲಿ ಹುಟ್ಟಿದ ಹ್ಯಾಲಾಯ್ಡ್ ಎಂಬ ಸಣ್ಣ ಕಂಪನಿಯು ಛಾಯಾಚಿತ್ರದ ಕಾಗದವನ್ನು ಮಾರುತ್ತ ಕೊಡ್ಯಾಕಿನ ಮಗ್ಗುಲಲ್ಲಿ ನಾಲ್ಕು ದಶಕಗಳನ್ನು ಕಳೆಯಿತು. ಒಮ್ಮೆ ಬಳಸಿದರೆ ಮುಗಿದುಹೋಗುವ ಪದಾರ್ಥದಿಂದ ಜೀವನೋಪಾಯವನ್ನು ಸಾಗಿಸುವುದು ಈ ಊರಿನ ಉದ್ಯಮಗಳಿಗೆ ಚೆನ್ನಾಗಿ ರೂಢವಾಗಿತ್ತು.

ಲೇಸರ್ ಪ್ರಿಂಟರಿಗೂ ಆಧಾರವಾದ ಒಣಮುದ್ರಣದ ಮೂಲಕರ್ತನಾದ ಚೆಸ್ಟರ್ ಕಾರ್ಲ್‌ಸನ್ ಮಾತ್ರ ರಾಚೆಸ್ಟರಿನವನಲ್ಲ. ಆತ ನ್ಯೂಯಾರ್ಕ್ ನಗರದಲ್ಲಿ ಒಂದು ಕಂಪನಿಯ ಪೇಟೆಂಟ್ ವಿಭಾಗದಲ್ಲಿದ್ದು, ದಾಖಲೆಗಳ ಪ್ರತಿಗಳು ಎಂದೂ ಸಾಲದಿರುವುದನ್ನು ಕಂಡು ಬೇಸತ್ತವನು. ಸಂಧಿವಾತದಿಂದ ನರಳುತ್ತಿದ್ದುದರಿಂದ ಕೈಬರಹದ ನಕಲು ಆತನಿಗೆ ಯಾತನೆಯಾಗಿತ್ತು. 1938ರ ಅಕ್ಟೋಬರ್ 22ರಂದು, ಅಸ್ಟೋರಿಯ ಬಡಾವಣೆಯ ಒಂದು ಬಾಡಿಗೆಯ ಕೊಠಡಿಯಲ್ಲಿ, ಆತನೂ ಸಹಾಯಕನಾದ ಆಟೊ ಕೊರ್ನೈಯೂ ಗಂಧಕ ಲೇಪಿಸಿದ ಸತುವಿನ ತಗಡನ್ನು ಕರವಸ್ತ್ರದಿಂದ ಉಜ್ಜಿ ವಿದ್ಯುದಾವೇಶವನ್ನು ತುಂಬಿ, ಅಂದಿನ ದಿನಾಂಕವನ್ನೂ ಬಡಾವಣೆಯ ಹೆಸರನ್ನೂ ಮಸಿಯಿಂದ ಬರೆದ ಗಾಜಿನ ಪಟ್ಟಿಯನ್ನು ಅದರ ಮೇಲಿಟ್ಟು, ಕೆಲವು ಕ್ಷಣ ಪ್ರಖರವಾದ ದೀಪದ ಬೆಳಕನ್ನು ಹಾಯಿಸಿ, ಗಾಜನ್ನು ತೆಗೆದು, ಲೈಕೊಪೋಡಿಯಮ್ ಎಂಬ ಸಸ್ಯದ ಹುಡಿಯನ್ನು ಉದುರಿಸಿ ಊದಿದರು. ಬೆಳಕು ಬಿದ್ದೆಡೆ ಆವೇಶವು ಕಳೆದುಹೋಗಿತ್ತು. ಅಕ್ಷರಗಳ ನೆರಳು ಬಿದ್ದೆಡೆ ಹುಡಿ ಅಂಟಿ ನಿಂತಿತ್ತು. ಅದರ ಮೇಲೆ ಮೇಣದ ಕಾಗದವನ್ನೊತ್ತಿ ಕಾಯಿಸಿದಾಗ ಅಕ್ಷರಗಳು ಕಾಗದಕ್ಕೆ ಬಂದವು. ಆವೇಶ, ಬೆಳಕು, ಹುಡಿ, ಶಾಖ: ಇಂದಿನ ಲೇಸರ್ ಪ್ರಿಂಟರಿನಲ್ಲಿಯೂ ನಡೆಯತಕ್ಕದ್ದು ಇಷ್ಟೇ. 1942ರಲ್ಲಿ ಪೇಟೆಂಟು ಲಭಿಸಿದರೂ ದೊಡ್ಡ ಕಂಪನಿಗಳಾವುವೂ ಕಾರ್ಲ್‌ಸನ್ನನಿಗೆ ಕಿವಿಗೊಡಲಿಲ್ಲ. ಕಡೆಗೆ 1944ರಲ್ಲಿ ಬ್ಯಾಟೆಲ್ ಸಂಶೋಧನ ಸಂಸ್ಥೆಯೂ 1947ರಲ್ಲಿ ಹ್ಯಾಲಾಯ್ಡ್ ಕಂಪನಿಯೂ ಆ ವಿದ್ಯೆಯನ್ನು ಕೈಗೆತ್ತಿಕೊಂಡವು.

ಇಲ್ಲಿ ಒಂದು ಆರ್ಥಿಕ ಸಮಸ್ಯೆ ಎದುರಾಯಿತು. ಆಗ ಪ್ರಚಾರದಲ್ಲಿದ್ದ ಕೊಡ್ಯಾಕಿನ ವೆರಿಫ್ಯಾಕ್ಸ್, 3ಎಂ ಕಂಪನಿಯ ಥರ್ಮೊಫ್ಯಾಕ್ಸ್ ಮೊದಲಾದ ನಕಲುಯಂತ್ರಗಳು ಅಗ್ಗವಾಗಿದ್ದವು. ಅವುಗಳಿಗೆ ಬೇಕಾದ ವಿಶೇಷಕಾಗದದ ಮಾರಾಟದಲ್ಲಿ ಲಾಭವಿತ್ತು. ಹೊಸ ವಿದ್ಯೆಗಾದರೋ ಸಾಧಾರಣ ಕಾಗದವೇ ಸಾಕು. ಕಾಗದವನ್ನು ಯಾರ ಅಂಗಡಿಯಲ್ಲಾದರೂ ಕೊಳ್ಳಬಹುದಾದ ಮೇಲೆ, ಕಾಗದವನ್ನೇ ಮಾರಿ ಬದುಕಿದ್ದ ಕಂಪನಿಗೆ ವರಮಾನವೆಲ್ಲಿಂದ? ಅಧ್ಯಕ್ಷನಾಗಿದ್ದ ಜೋಸೆಫ್ ವಿಲ್ಸನ್ನನ ಬಳಗವು ಕಂಡುಕೊಂಡ ಉತ್ತರವೆಂದರೆ ಮೀಟರು. 1959ರಲ್ಲಿ ಹೊರಬಂದ 914 ಎಂಬ ಯಂತ್ರವು ಸುಮಾರು 300 ಕಿಲೋಗ್ರಾಂ ತೂಗುತ್ತಿತ್ತು. ಶಾಖದಿಂದ ಕಾಗದವು ಹೊತ್ತಿಕೊಳ್ಳುವ ಸಂಭವವಿದ್ದುದರಿಂದ ಅದರೊಡನೆ ಬೆಂಕಿಯಾರಿಸುವ ಸಾಧನವೊಂದನ್ನೂ ಕೊಡುತ್ತಿದ್ದರು. ಕೊಳ್ಳುವುದಾದರೆ ಹತ್ತಾರು ಸಾವಿರ ಡಾಲರು ಬೇಕಾಗಿದ್ದ ಆ ಯಂತ್ರವನ್ನು ತಿಂಗಳಿಗೆ 95 ಡಾಲರಿನ ಬಾಡಿಗೆಗೆ ಕೊಟ್ಟು, 2,000 ಪ್ರತಿಗಳವರೆಗೆ ಬೇರೆ ಶುಲ್ಕವಿಲ್ಲವೆಂದೂ ಅನಂತರದ ಪ್ರತಿಯೊಂದಕ್ಕೂ ಕೆಲವು ಸೆಂಟುಗಳೆಂದೂ ಗೊತ್ತುಪಡಿಸಿದರು. ಗ್ರಾಹಕನು ಯಂತ್ರಕ್ಕೂ ಒಡೆಯನಲ್ಲ, ಅದರ ರಿಪೇರಿಗೂ ಹೊಣೆಗಾರನಲ್ಲ. ಎಷ್ಟು ಪುಟ ತೆಗೆದನೋ ಅಷ್ಟಕ್ಕೆ ಹಣ ತೆರುತ್ತಿದ್ದನು. ಲೆಕ್ಕವು ಇಬ್ಬರ ಕಣ್ಣಿಗೂ ಕಾಣುವಂತೆ ಯಂತ್ರದ ಮೇಲೆಯೇ ಇತ್ತು. ಈ ಏರ್ಪಾಡಿನಿಂದಲೇ ಹ್ಯಾಲಾಯ್ಡ್ ಬೆಳೆದು 1961ರಲ್ಲಿ ಜೆರಾಕ್ಸ್ ಕಾರ್ಪೊರೇಷನ್ ಆಯಿತು.

ಲೇಸರ್ ಕಿರಣವು ಈ ಕಥೆಯೊಳಗೆ ಬಂದದ್ದು ಗ್ಯಾರಿ ಸ್ಟಾರ್ಕ್‌ವೆದರ್ ಎಂಬ ಎಂಜಿನಿಯರನಿಂದ. ರಾಚೆಸ್ಟರಿಗೆ ಸಮೀಪದ ವೆಬ್‌ಸ್ಟರಿನ ಪ್ರಯೋಗಶಾಲೆಯಲ್ಲಿ ಆತನ ಕಲ್ಪನೆಗೆ ಮೇಲಧಿಕಾರಿಗಳ ಆದರ ದೊರೆಯಲಿಲ್ಲ. 1971ರಲ್ಲಿ ಆತ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿದ್ದ ಕಂಪನಿಯ ಹೊಸ ಸಂಶೋಧನಾಲಯಕ್ಕೆ ಹೋಗಿ, ಮೂಲಪ್ರತಿಯ ಪ್ರತಿಬಿಂಬಕ್ಕೆ ಬದಲಾಗಿ ಗಣಕಯಂತ್ರದ ಆಣತಿಯಂತೆ ಚಲಿಸುವ ಲೇಸರ್ ಕಿರಣದಿಂದಲೇ, ತಗಡಿನ ಸ್ಥಾನಕ್ಕೆ ಬಂದಿದ್ದ ಡ್ರಮ್ಮಿನ ಮೇಲೆ ಅಕ್ಷರಗಳನ್ನು ಬರೆಯಿಸಿದನು. 1977ರಲ್ಲಿ ಬಂದ ಜೆರಾಕ್ಸ್ 9700 ನಿಮಿಷಕ್ಕೆ 120 ಪುಟಗಳನ್ನು ಮುದ್ರಿಸುತ್ತಿದ್ದರೂ, ಅದು ಮಹಾಸಂಸ್ಥೆಗಳಿಗೆ ಮಾತ್ರ ಎಟುಕತಕ್ಕದ್ದಾಗಿತ್ತು.

ಸಾಮಾನ್ಯನ ಮೇಜಿಗೆ ಈ ಯಂತ್ರವನ್ನು ತಂದವರು ಜಪಾನಿನ ಕ್ಯಾನನ್ ಕಂಪನಿಯವರು. ಸಣ್ಣ ಕಚೇರಿಗೆ ನಕಲುಯಂತ್ರವನ್ನು ಮಾರಬೇಕಾದರೆ, ಡ್ರಮ್ಮನ್ನು ತೊಳೆದು ಟೋನರೆಂಬ ಹುಡಿಯನ್ನು ತುಂಬುವ ಮೆಕ್ಯಾನಿಕ್ಕನನ್ನು ಮನೆಮನೆಗೂ ಕಳುಹಿಸುವುದಾಗದು. ಆದುದರಿಂದ ಕೆಡತಕ್ಕ ಭಾಗಗಳನ್ನೆಲ್ಲ ಒಂದೇ ಡಬ್ಬಿಯಲ್ಲಿ ಸೇರಿಸಿ, ಹುಡಿ ತೀರಿದೊಡನೆ ಡಬ್ಬಿಯನ್ನೇ ಬದಲಿಸುವ ಉಪಾಯವನ್ನು ಅವರು ಹೂಡಿದರು. ಎಸೆಯತಕ್ಕ ಡ್ರಮ್ಮನ್ನು ಅಷ್ಟು ಅಗ್ಗವಾಗಿ ಮಾಡುವ ಬಗೆ ಹೇಗೆಂದು ಚರ್ಚಿಸುತ್ತಿದ್ದಾಗ ಅವರ ನಾಯಕನಾದ ಹಿರೋಷಿ ತನಾಕ ಬಿಯರಿನ ಅಲ್ಯೂಮಿನಿಯಂ ಡಬ್ಬಿಯೊಂದನ್ನು ಹಿಡಿದು ಇದನ್ನು ಮಾಡಲು ಎಷ್ಟು ತಗಲುತ್ತದೆಂದು ಕೇಳಿದನೆಂಬ ಪ್ರಸಂಗವು ಕೈಗಾರಿಕಾವಲಯದಲ್ಲಿ ಪ್ರಸಿದ್ಧವಾಗಿದೆ. 1982ರಲ್ಲಿ ಬಂದ ನಕಲುಯಂತ್ರಗಳ ಈ ಕಾರ್ಟ್ರಿಜ್ಜೇ ಮುಂದೆ ಲೇಸರ್ ಪ್ರಿಂಟರಿಗೂ ಬಂತು. ಕ್ಯಾನನ್ನಿನ ಯಂತ್ರಾಂಗವನ್ನೇ ಒಡಲಲ್ಲಿಟ್ಟುಕೊಂಡು ಹ್ಯೂಲೆಟ್ ಪ್ಯಾಕರ್ಡ್ (ಎಚ್‌ಪಿ) ಕಂಪನಿಯು 1984ರಲ್ಲಿ ಲೇಸರ್‌ಜೆಟ್ಟನ್ನು 3,495 ಡಾಲರಿಗೆ ಮಾರಲಾರಂಭಿಸಿತು.

ಈ ಡಬ್ಬಿಯು ಸೌಕರ್ಯವನ್ನು ತಂದಿತೆಂಬುದು ನಿರ್ವಿವಾದ. ಆದರೆ 914ರ ಮೇಲೆ ಎಲ್ಲರಿಗೂ ಕಾಣುವಂತಿದ್ದ ಮೀಟರು ಈಗ ಅದರ ಒಡಲನ್ನು ಸೇರಿತು. ಯಂತ್ರದ ಸ್ವಾಮ್ಯವೇನೋ ಗ್ರಾಹಕನದಾಯಿತು. ಪುಟದ ಬಾಡಿಗೆಯು ನಿಲ್ಲಲಿಲ್ಲ. ವರ್ಷಗಳು ಕಳೆದಂತೆ ಯಂತ್ರದ ಬೆಲೆ ಇಳಿಯಿತು, ಕಾರ್ಟ್ರಿಜ್ಜಿನ ಬೆಲೆ ಹಾಗೆ ಇಳಿಯಲಿಲ್ಲ. ಕಾರ್ಟ್ರಿಜ್ಜಿಗೆ 4,000 ರೂಪಾಯಿಯೆಂದೂ ಅದರಿಂದ 2,000 ಪುಟ ಬರುವುದೆಂದೂ ಇಟ್ಟುಕೊಂಡರೆ, ಕಾಗದ, ವಿದ್ಯುತ್ತುಗಳನ್ನು ಬಿಟ್ಟು, ಪುಟವೊಂದಕ್ಕೆ ಎರಡು ರೂಪಾಯಿ ಬಿದ್ದಂತಾಯಿತು. ಆ 2,000 ಎಂಬುದಾದರೂ ಪುಟದ ನೂರರಲ್ಲಿ ಐದು ಪಾಲು ಮಾತ್ರ ಕಪ್ಪಾಗುವುದೆಂಬ ಎಣಿಕೆಯ ಮೇಲೆ ನಿಂತದ್ದು. ದಪ್ಪಕ್ಷರದ ತಲೆಬರಹ, ಅಂಕಣಗಳ ಗೆರೆ, ಭಾವಚಿತ್ರಗಳಿದ್ದರೆ ಆ ಎಣಿಕೆ ತಪ್ಪುತ್ತದೆ. ಕಂಪನಿಗಳು ತಮತಮಗೆ ತೋರಿದಂತೆ ಪುಟಸಂಖ್ಯೆಯನ್ನು ಹೇಳುತ್ತಿದ್ದ ಅವ್ಯವಸ್ಥೆಗೆ 2004ರಲ್ಲಿ ಐಎಸ್‌ಒ 19752 ಎಂಬ ಅಂತರರಾಷ್ಟ್ರೀಯ ಮಾನದಂಡವು ಬಂದ ಮೇಲೆಯೇ ಒಂದು ಮಿತಿ ಏರ್ಪಟ್ಟಿತು. ಹೊಸ ಯಂತ್ರದೊಡನೆ ಬರುವ ಕಾರ್ಟ್ರಿಜ್ಜಿನಲ್ಲಿ ಅನೇಕ ವೇಳೆ ಪೂರ್ಣಪ್ರಮಾಣದ ಹುಡಿ ಇರುವುದಿಲ್ಲವೆಂಬುದನ್ನೂ, ಕಾಗದವನ್ನೆಳೆಯುವ ರಬ್ಬರ್ ರೋಲರು, ಹುಡಿಯನ್ನು ಕರಗಿಸುವ ಫ್ಯೂಸರು ಇವುಗಳಿಗೂ ಆಯುಸ್ಸಿನ ಮಿತಿಯುಂಟೆಂಬುದನ್ನೂ ಲೆಕ್ಕ ಹಾಕುವವನು ಮರೆಯಲಾಗದು.

ಕರ್ನಾಟಕದಲ್ಲಿ ಲೇಸರ್ ಪ್ರಿಂಟರು ಮೊದಲು ಬೇರೂರಿದ ಸ್ಥಳಗಳಲ್ಲಿ ಡಿಟಿಪಿ ಕೇಂದ್ರಗಳು ಮುಖ್ಯವಾದವು. ಅಚ್ಚುಮೊಳೆಗಳು ಮೂಲೆಗುಂಪಾಗುತ್ತಿದ್ದ ಆ ಕಾಲದಲ್ಲಿ, ಆಫ್‌ಸೆಟ್ ಮುದ್ರಣಕ್ಕೆ ಬೇಕಾದ ಪುಟಗಳು ಟ್ರೇಸಿಂಗ್ ಕಾಗದದ ಮೇಲೆ ಈ ಯಂತ್ರದಿಂದಲೇ ಹೊರಬೀಳುತ್ತಿದ್ದವು. ಪುಟಕ್ಕಿಷ್ಟು ಎಂದು ಮಜೂರಿ ಪಡೆಯುವವನಿಗೆ ಪುಟದ ವೆಚ್ಚವೇ ಪ್ರಾಣ. ಆ ಅಗತ್ಯವು ರೀಫಿಲ್ ಎಂಬ ಉಪವೃತ್ತಿಯನ್ನು ಪೋಷಿಸಿತು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಈ ಕೆಲಸವನ್ನು ನೋಡಬಹುದು: ಕೆಲಸಗಾರನು ಕಾರ್ಟ್ರಿಜ್ಜಿನ ಪಕ್ಕದ ಪಿನ್ನುಗಳನ್ನು ತೆಗೆದು ಎರಡು ಭಾಗಮಾಡಿ, ಹಸಿರುಬಣ್ಣದ ಡ್ರಮ್ಮನ್ನು ಬೆಳಕು ತಾಗದಂತೆ ಬಟ್ಟೆಯಲ್ಲಿ ಸುತ್ತಿಟ್ಟು, ಬ್ಲೇಡು ಕೆರೆದು ಕೂಡಿಸಿದ ವ್ಯರ್ಥಹುಡಿಯನ್ನು ಕೊಡವಿ, ಬಾಟಲಿಯ ಹೊಸ ಟೋನರನ್ನು ಸುರಿದು, ಮತ್ತೆ ಜೋಡಿಸಿ, ಎಡಕ್ಕೂ ಬಲಕ್ಕೂ ಕುಲುಕಿ, ಒಂದು ಪುಟ ತೆಗೆದು ತೋರಿಸುತ್ತಾನೆ. ಪುಟದ ಅಂಚಿನಲ್ಲಿ ಕಪ್ಪು ಗೆರೆ ಬಂದರೆ ಡ್ರಮ್ ಹೋಗಿದೆಯೆಂದೋ ಬ್ಲೇಡು ಸವೆದಿದೆಯೆಂದೋ ತೀರ್ಪು ಹೇಳುತ್ತಾನೆ. ಎಚ್‌ಪಿಯ 12ಎ ಕಾರ್ಟ್ರಿಜ್ಜು ಇಂಥ ಅಂಗಡಿಗಳಿಗೆ ಅಷ್ಟು ಪ್ರಿಯವಾದುದಕ್ಕೆ ಕಾರಣ ಗೂಢವಲ್ಲ. ಅದರಲ್ಲಿ ಚಿಪ್ ಇರಲಿಲ್ಲ.

ಚಿಪ್ಪೆಂದರೆ ಗುಪ್ತವಾಗಿದ್ದ ಮೀಟರಿಗೆ ಇಟ್ಟ ಕಾವಲು. ಅಮೆರಿಕದ ಲೆಕ್ಸ್‌ಮಾರ್ಕ್ ಕಂಪನಿಯು ಖಾಲಿ ಡಬ್ಬಿಯನ್ನು ತನಗೇ ಹಿಂದಿರುಗಿಸತಕ್ಕದ್ದೆಂಬ ಷರತ್ತಿನ ಮೇಲೆ ಕಾರ್ಟ್ರಿಜ್ಜನ್ನು ರಿಯಾಯಿತಿಗೆ ಮಾರಿ, ಆ ಷರತ್ತನ್ನು ಮೀರಿದವರ ಯಂತ್ರ ನಡೆಯದಂತೆ ಅದರಲ್ಲಿ ಚಿಪ್ಪನ್ನು ಕೂರಿಸಿತು. ಆ ಚಿಪ್ಪನ್ನು ಅನುಕರಿಸಿದ ಸ್ಟ್ಯಾಟಿಕ್ ಕಂಟ್ರೋಲ್ ಕಂಪನಿಯ ಮೇಲೆ 2002ರಲ್ಲಿ ಅದು ದಾವೆ ಹೂಡಿದಾಗ, ವಿವಾದದ ಕೇಂದ್ರದಲ್ಲಿದ್ದದ್ದು ಹುಡಿಯ ಪ್ರಮಾಣವನ್ನು ಎಣಿಸುವ, ನೂರು ಬೈಟಿಗೂ ಕಡಮೆಯ ಒಂದು ಕ್ರಮವಿಧಿ. ಹಕ್ಕುಸ್ವಾಮ್ಯದ ಕಾನೂನನ್ನು ಬಿಡಿಭಾಗಗಳ ಏಕಸ್ವಾಮ್ಯಕ್ಕೆ ಬಳಸಲು 2004ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಒಪ್ಪಲಿಲ್ಲ. 2017ರ ಮೇ 30ರಂದು, ಇದೇ ಕಂಪನಿಗೂ ಇಂಪ್ರೆಷನ್ ಪ್ರಾಡಕ್ಟ್ಸ್ ಎಂಬ ಸಣ್ಣ ಸಂಸ್ಥೆಗೂ ನಡೆದ ಮೊಕದ್ದಮೆಯಲ್ಲಿ, ಒಮ್ಮೆ ಮಾರಿದ ವಸ್ತುವಿನ ಮೇಲೆ ಪೇಟೆಂಟಿನ ಹಕ್ಕು ಉಳಿಯದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಕೊಂಡವನ ವಿಲೇವಾರಿಯ ಸ್ವಾತಂತ್ರ್ಯವನ್ನು ಸಮರ್ಥಿಸಿದ್ದ ಹದಿನೇಳನೆಯ ಶತಮಾನದ ನ್ಯಾಯವೇತ್ತ ಎಡ್ವರ್ಡ್ ಕೋಕನನ್ನು ಆ ತೀರ್ಪಿನಲ್ಲಿ ಸ್ಮರಿಸಿದೆ. ಕಾನೂನು ಹೀಗೆ ನಿಂತರೂ, ಚಿಪ್ಪು ಮಾತ್ರ ಅಳಿಯಲಿಲ್ಲ.

ಉದ್ಯಮದೊಳಗೇ ಬೇರೆ ದಾರಿ ತುಳಿದವರಿಲ್ಲದಿಲ್ಲ. ಜಪಾನಿನ ಕ್ಯೋಸೆರ ಕಂಪನಿಯು 1992ರಲ್ಲಿ ಇಕೊಸಿಸ್ ಎಂಬ ಮಾಲೆಯನ್ನು ಹೊರತಂದು, ಬಹುಕಾಲ ಬಾಳುವ ಗಟ್ಟಿ ಸಿಲಿಕಾನ್ ಲೇಪದ ಡ್ರಮ್ಮನ್ನು ಯಂತ್ರದಲ್ಲಿಯೇ ಉಳಿಸಿ, ಬದಲಿಸತಕ್ಕದ್ದು ಹುಡಿ ಮಾತ್ರವೆಂದು ಏರ್ಪಡಿಸಿತು. ಕಾರ್ಟ್ರಿಜ್ಜಿನ ಪದ್ಧತಿಯನ್ನು ಜಗತ್ತಿಗೆ ಹರಡಿದ ಎಚ್‌ಪಿಯೇ 2019ರಲ್ಲಿ ನೆವರ್‌ಸ್ಟಾಪ್ ಎಂಬ ಯಂತ್ರವನ್ನು ಮಾರಲಾರಂಭಿಸಿ, ಗ್ರಾಹಕನು ತಾನೇ ಟೋನರನ್ನು ತುಂಬಿಕೊಳ್ಳಬಹುದೆಂದು ಸಾರಿತು. ರೀಫಿಲ್ ಅಂಗಡಿಯವನು ಅಷ್ಟು ಕಾಲ ಅನಧಿಕೃತವಾಗಿ ಮಾಡಿದ್ದು ಅಧಿಕೃತವಾಯಿತು. ಇಂಥ ಯಂತ್ರಗಳ ಮೊದಲ ಬೆಲೆ ಹೆಚ್ಚು, ಪುಟದ ವೆಚ್ಚ ಕಡಮೆ. ತಿಂಗಳಿಗೆ ಹತ್ತಿಪ್ಪತ್ತು ಪುಟ ತೆಗೆಯುವ ಗೃಹಸ್ಥನಿಗೆ ಅಗ್ಗದ ಯಂತ್ರವೂ ದುಬಾರಿ ಹುಡಿಯೂ ನಷ್ಟವಲ್ಲ. ದಿನಕ್ಕೆ ನೂರಾರು ಪುಟ ತೆಗೆಯುವ ಅಂಗಡಿಯವನಿಗೆ ಅದೇ ಏರ್ಪಾಡು ನಿರಂತರ ನಷ್ಟ.

ಇನ್ನೊಂದೆಡೆ, ಯಂತ್ರವನ್ನು ಕೊಳ್ಳುವ ಗೋಜೇ ಬೇಡವೆಂದು ಬಾಡಿಗೆಗೆ ತರಿಸಿ, ತಿಂಗಳ ಕೊನೆಯಲ್ಲಿ ಮೀಟರು ನೋಡಿ ಪುಟಕ್ಕಿಷ್ಟು ಪೈಸೆಯೆಂದು ಬಿಲ್ಲು ತೀರಿಸುವ ಕಚೇರಿಗಳು ಈಗ ನಮ್ಮ ನಗರಗಳಲ್ಲಿಯೂ ಅನೇಕವಿವೆ. ಸ್ವಾಮ್ಯವೆಂಬ ಗೌರವವನ್ನು ಬಿಟ್ಟುಕೊಟ್ಟವರಿಗೆ ತಾವು ತೆರುವ ಬಾಡಿಗೆ ಎಷ್ಟೆಂಬುದು ತಿಳಿದಿರುತ್ತದೆ. ಕೊಂಡವರು ಅದನ್ನು ತಾವೇ ಲೆಕ್ಕಹಾಕಿ ತಿಳಿಯಬೇಕು.